ಹಳದಿ ಗುರುತಿನ ಹಿಂದಿರುವ ಸಾಧನ: ಹಳೆಯ ವಿಂಡೋಸ್ ಹಾಕಿದ ಮೇಲೆ ಡ್ರೈವರ್ ಹುಡುಕುವ ಬಗೆ

ಸಭೆಯಲ್ಲಿರುವ ಹಿರಿಯರೇ, ಕಂಪ್ಯೂಟರ್ ದುರಸ್ತಿಯ ಕೆಲಸ ಕಲಿಯುತ್ತಿರುವ ಗೆಳೆಯರೇ,

ಯಂತ್ರಕ್ಕೆ ವಿಂಡೋಸ್ 7 ಹಾಕಿ ಮುಗಿಸಿದ್ದೀರಿ. ಪರದೆಯ ಮೇಲಿನ ಅಕ್ಷರಗಳು ಹಿಗ್ಗಿಕೊಂಡಂತೆ ಕಾಣುತ್ತಿವೆ, ಸ್ಪೀಕರಿನಿಂದ ಸದ್ದಿಲ್ಲ, ಕೇಬಲ್ ಚುಚ್ಚಿದರೂ ಇಂಟರ್ನೆಟ್ ಬರುತ್ತಿಲ್ಲ. ಇಂಥ ಹೊತ್ತಿನಲ್ಲಿ ಮದರ್‌ಬೋರ್ಡ್ ಕೆಟ್ಟಿದೆ ಎಂದು ತಿಳಿದು ಗ್ರಾಹಕರಿಂದ ಹೊಸದನ್ನು ಕೊಳ್ಳಿಸಿದವರನ್ನು ನಾನು ಕಂಡಿದ್ದೇನೆ. ಅದು ನನಗೆ ತುಂಬ ನೋವು ಕೊಟ್ಟ ಸಂಗತಿ. ಯಂತ್ರದ ಪ್ರತಿಯೊಂದು ಭಾಗವೂ ತಾನು ಯಾರೆಂದು ಹೇಳುತ್ತಲೇ ಇರುತ್ತದೆ, ನಾವು ಅದನ್ನು ಓದದೆ ಊಹೆಗೆ ಇಳಿಯುತ್ತೇವೆ. ಅದನ್ನು ಓದಿ, ಆ ಭಾಗಕ್ಕೆ ತಕ್ಕ ಡ್ರೈವರ್, ಅಂದರೆ ವಿಂಡೋಸ್ ಆ ಭಾಗವನ್ನು ನಡೆಸಲು ಬೇಕಾದ ಪುಟ್ಟ ತಂತ್ರಾಂಶ, ಹುಡುಕುವುದು ಹೇಗೆ ಎಂಬುದಷ್ಟೇ ನನ್ನ ಇಂದಿನ ಮಾತು.

ಹಳೆಯ ವಿಂಡೋಸ್ ಈಗ ಏಕೆ ಬೇಕು ಎಂದು ಕೆಲವರು ಕೇಳಬಹುದು. ನಮ್ಮ ಊರುಗಳ ಡಿಟಿಪಿ ಕೇಂದ್ರಗಳಿಗೆ ಹೋಗಿ ನೋಡಿ. 2001ರ ನಂತರ ಹೊಸ ಮುಖ್ಯ ಆವೃತ್ತಿಯನ್ನು ಕಾಣದ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ, ಯೂನಿಕೋಡ್‌ಗೆ ಮೊದಲಿನ ಕನ್ನಡ ಫಾಂಟುಗಳಲ್ಲಿ ಕೂಡಿಸಿಟ್ಟ ಪುಸ್ತಕಗಳು, ಆಮಂತ್ರಣ ಪತ್ರಿಕೆಗಳು, ಪಂಚಾಂಗಗಳು ಅಲ್ಲಿವೆ. ಡಾಂಗಲ್ ಎಂಬ ಪರವಾನಗಿಯ ಪುಟ್ಟ ಸಾಧನವನ್ನು ಚುಚ್ಚದೆ ತೆರೆದುಕೊಳ್ಳದ ತಂತ್ರಾಂಶಗಳಿವೆ, 32 ಬಿಟ್ ಡ್ರೈವರ್ ಮಾತ್ರ ಇರುವ ಸ್ಕ್ಯಾನರುಗಳಿವೆ. ಇವನ್ನು ನಂಬಿಕೊಂಡು ದುಡಿಯುವವರಿಗೆ ಹಳೆಯ ವಿಂಡೋಸ್ ಅನ್ನದ ಪ್ರಶ್ನೆ.

ತೊಂದರೆಯ ಮೂಲ ಸರಳವಾಗಿದೆ. ವಿಂಡೋಸ್ 7 ಹೊರಬಂದದ್ದು 2009ರ ಅಕ್ಟೋಬರ್ 22ರಂದು. ಅದರ ತಿದ್ದುಪಡಿಗಳ ಕಂತೆಯಾದ ಸರ್ವಿಸ್ ಪ್ಯಾಕ್ 1 ಬಂದದ್ದು 2011ರಲ್ಲಿ. ಡಿವಿಡಿಯೊಳಗೆ ಇರುವ ಡ್ರೈವರುಗಳು ಆ ಕಾಲದವರೆಗಿನ ಸಾಧನಗಳನ್ನು ಮಾತ್ರ ಬಲ್ಲವು. ಆಮೇಲೆ ಹುಟ್ಟಿದ ನೆಟ್‌ವರ್ಕ್ ಚಿಪ್ ಅದರ ಪಾಲಿಗೆ ಅಪರಿಚಿತ. ಗ್ರಾಫಿಕ್ಸ್ ವಿಷಯದಲ್ಲಿ ಮಾತ್ರ ಎಲ್ಲ ಯಂತ್ರಕ್ಕೂ ಹೊಂದುವ ಒಂದು ಸಾಮಾನ್ಯ ವಿಜಿಎ ಡ್ರೈವರ್ ಇರುವುದರಿಂದ ಪರದೆ ಪೂರ್ತಿ ಕಪ್ಪಾಗದೆ, ಮಸುಕಾಗಿಯಾದರೂ ಕಾಣಿಸುತ್ತದೆ.

ಈಗ ಯಂತ್ರದ ಭಾಗಗಳ ಪಟ್ಟಿ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆಯೋಣ. ‘ಇತರ ಸಾಧನಗಳು’ ಎಂಬ ಸಾಲಿನ ಕೆಳಗೆ ಹಳದಿ ಗುರುತು ಹೊತ್ತ ಹೆಸರುಗಳು ಕಾಣುತ್ತವೆ. ಆ ಹೆಸರುಗಳನ್ನು ನಂಬಬೇಡಿ. ‘ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್’ ಎಂಬ ಹೆಸರು ಎಕ್ಸ್‌ಪಿ ಕಾಲದ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಡಯಲ್-ಅಪ್ ಮೋಡೆಮ್ ಆಗಿರುತ್ತಿತ್ತು. ಈಚಿನ ಇಂಟೆಲ್ ಯಂತ್ರಗಳಲ್ಲಿ ಅದೇ ಹೆಸರಿನ ಹಿಂದೆ ಇರುವುದು ಚಿಪ್‌ಸೆಟ್‌ನೊಳಗಿನ ನಿರ್ವಹಣಾ ಘಟಕವಾದ ಮ್ಯಾನೇಜ್‌ಮೆಂಟ್ ಎಂಜಿನ್. ಆ ಸಾಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ‘ಕೋಡ್ 28’ ಎಂದಿರುತ್ತದೆ, ಅಂದರೆ ಡ್ರೈವರ್ ಹಾಕಿಲ್ಲ ಎಂದರ್ಥ. ಅಲ್ಲಿಂದ ‘ಡೀಟೇಲ್ಸ್’ ಪುಟಕ್ಕೆ ಹೋಗಿ ‘ಹಾರ್ಡ್‌ವೇರ್ ಐಡಿ’ ಆರಿಸಿಕೊಳ್ಳಿ. ನಾಲ್ಕಾರು ಸಾಲುಗಳು ಕಾಣುತ್ತವೆ. ಮೊದಲನೆಯ ಸಾಲೇ ಅತ್ಯಂತ ನಿಖರವಾದದ್ದು.

ಆ ಸಾಲನ್ನು ಬಿಡಿಸಿ ಓದೋಣ. ‘ವೆನ್’ ಎಂಬುದರ ಮುಂದಿನ ನಾಲ್ಕು ಅಂಕೆ-ಅಕ್ಷರಗಳು ಚಿಪ್ ತಯಾರಕರ ಗುರುತು: 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 10ಡಿಇ ಇದ್ದರೆ ಎನ್‌ವಿಡಿಯಾ, 14ಇ4 ಇದ್ದರೆ ಬ್ರಾಡ್‌ಕಾಮ್. ‘ಡೆವ್’ ಎಂಬುದರ ಮುಂದಿನ ನಾಲ್ಕು ಆ ತಯಾರಕರ ಯಾವ ಚಿಪ್ ಎಂಬುದನ್ನು ಹೇಳುತ್ತವೆ; ರಿಯಲ್‌ಟೆಕ್‌ನ 8168 ಎಂದರೆ ನಮ್ಮಲ್ಲಿ ಬಹಳಷ್ಟು ಮದರ್‌ಬೋರ್ಡುಗಳ ಮೇಲಿರುವ ಗಿಗಾಬಿಟ್ ನೆಟ್‌ವರ್ಕ್ ಚಿಪ್. ಮುಂದೆ ಬರುವ ‘ಸಬ್‌ಸಿಸ್’ ಆ ಚಿಪ್ಪನ್ನು ಯಾವ ಕಂಪನಿ ತನ್ನ ಬೋರ್ಡಿಗೆ ಹಾಕಿಕೊಂಡಿತು ಎಂಬುದನ್ನು ತೋರಿಸುತ್ತದೆ. ಸಾಲು ‘ಎಸಿಪಿಐ’ ಎಂದು ಶುರುವಾದರೆ ಬೇರೆಯದೇ ರೀತಿ: ಡೆಲ್ ಲ್ಯಾಪ್‌ಟಾಪುಗಳಲ್ಲಿ ‘ಅನ್‌ನೋನ್ ಡಿವೈಸ್’ ಎಂದು ಕಾಡುವ ಎಸ್‌ಎಂಒ8800 ಎಂಬುದು, ಲ್ಯಾಪ್‌ಟಾಪ್ ಕೈಜಾರಿ ಬೀಳುವುದನ್ನು ಗುರುತಿಸಿ ಹಾರ್ಡ್ ಡಿಸ್ಕನ್ನು ಕಾಯುವ ಪುಟ್ಟ ಸಂವೇದಕ.

ಹುಡುಕಿ ತಂದ ಡ್ರೈವರ್ ಹೊಂದುತ್ತದೆಯೇ ಎಂದು ತಿಳಿಯಲು ಹಾಕಿ ನೋಡಲೇಬೇಕೆಂದಿಲ್ಲ. ಅದರ ಫೋಲ್ಡರಿನಲ್ಲಿರುವ ‘ಐಎನ್‌ಎಫ್’ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅದು ಯಾರು ಬೇಕಾದರೂ ಓದಬಹುದಾದ ಸಾದಾ ಪಠ್ಯ. ನಿಮ್ಮ ‘ಡೆವ್’ ಸಂಖ್ಯೆಯನ್ನು ಅದರಲ್ಲಿ ಹುಡುಕಿ. ಸಿಕ್ಕ ಮೇಲೆ, ಅದು ಯಾವ ವಿಭಾಗದ ಕೆಳಗಿದೆ ಎಂಬುದನ್ನೂ ನೋಡಿ. ವಿಂಡೋಸ್ 7ರ ಒಳಗಿನ ಆವೃತ್ತಿ ಸಂಖ್ಯೆ 6.1, ವಿಂಡೋಸ್ 10ರದು 10.0. ವಿಭಾಗದ ಹೆಸರಿನ ಕೊನೆಯಲ್ಲಿ 10.0 ಎಂದಿದ್ದರೆ ವಿಂಡೋಸ್ 7 ಆ ವಿಭಾಗದತ್ತ ತಿರುಗಿಯೂ ನೋಡುವುದಿಲ್ಲ. ಆ ಸಂಖ್ಯೆಯನ್ನು ತಿದ್ದಿ ಮೋಸಗೊಳಿಸಬಹುದೆಂದು ಕೆಲವರು ಯತ್ನಿಸುತ್ತಾರೆ; ತಿದ್ದಿದ ಕೂಡಲೇ, ಕಡತವನ್ನು ಯಾರೂ ಬದಲಿಸಿಲ್ಲ ಎಂದು ಸಾರುವ ಡಿಜಿಟಲ್ ಸಹಿ ಮುರಿದುಹೋಗುತ್ತದೆ, ಸಂಖ್ಯೆ ಬದಲಾದ ಮಾತ್ರಕ್ಕೆ ಒಳಗಿನ ಡ್ರೈವರ್ ಹಳೆಯ ವಿಂಡೋಸಿಗೆ ಬರೆದದ್ದಾಗಿಬಿಡುವುದೂ ಇಲ್ಲ.

ಸಹಿಯ ಮಾತು ಬಂದದ್ದರಿಂದ ಇನ್ನೊಂದು ತೊಡಕನ್ನು ಹೇಳಬೇಕು. ಡ್ರೈವರ್ ಸರಿಯಾಗಿಯೇ ಹೊಂದಿ, ಆದರೂ ಹಳದಿ ಗುರುತು ಹೋಗದೆ ‘ಕೋಡ್ 52’ ಎಂದು ತೋರಿಸಿದರೆ, ಆ ಡ್ರೈವರಿಗೆ ಎಸ್‌ಎಚ್‌ಎ-2 ಎಂಬ ಹೊಸ ಬಗೆಯ ಸಹಿ ಇದೆ, ನಿಮ್ಮ ವಿಂಡೋಸ್ 7ಕ್ಕೆ ಅದನ್ನು ಪರೀಕ್ಷಿಸಲು ಬರುತ್ತಿಲ್ಲ ಎಂದು ಅನುಮಾನಿಸಬಹುದು. ಸರ್ವಿಸ್ ಪ್ಯಾಕ್ 1 ಹಾಕಿ, ಅದರ ಮೇಲೆ ಕೆಬಿ4474419 ಎಂಬ ಅಪ್‌ಡೇಟ್ ಹಾಕಿದರೆ ಇದು ಪರಿಹಾರವಾಗುತ್ತದೆ. ಇದು ತಿಳಿಯದೆ ಒಂದೇ ಡ್ರೈವರನ್ನು ಹತ್ತು ಕಡೆಯಿಂದ ಇಳಿಸಿಕೊಂಡು ನಾನೇ ಒಂದು ಇಡೀ ಮಧ್ಯಾಹ್ನ ಕಳೆದದ್ದುಂಟು.

ಯುಎಸ್‌ಬಿಯ ಕತೆ ಇವೆಲ್ಲಕ್ಕಿಂತ ಗೊಂದಲದ್ದು. ಪೆನ್‌ಡ್ರೈವ್‌ನಿಂದ ಸೆಟಪ್ ಚೆನ್ನಾಗಿಯೇ ಶುರುವಾಗುತ್ತದೆ; ಭಾಷೆ ಆರಿಸುವ ಪರದೆ ಬಂದಾಗ ಮೌಸ್ ಅಲುಗದು, ಕೀಬೋರ್ಡಿನ ದೀಪ ಆರಿರುತ್ತದೆ. ಅಲ್ಲಿಯವರೆಗೆ ಪೆನ್‌ಡ್ರೈವನ್ನು ಓದುತ್ತಿದ್ದುದು ಬಯೋಸ್, ಅಂದರೆ ಯಂತ್ರ ಚಾಲೂ ಆದೊಡನೆ ಮೊದಲು ಏಳುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ವಿಂಡೋಸ್ ತಾನೇ ಎದ್ದು ಹೊಣೆ ವಹಿಸಿಕೊಂಡ ಕ್ಷಣದಿಂದ ಅದಕ್ಕೆ ತನ್ನದೇ ಡ್ರೈವರ್ ಬೇಕು, ಮತ್ತು ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲ. ಹಳೆಯ ಬೋರ್ಡುಗಳಲ್ಲಿ ನೀಲಿ ಪೋರ್ಟಿನಿಂದ ಕಿತ್ತು ಕಪ್ಪು ಪೋರ್ಟಿಗೆ ಚುಚ್ಚಿದರೆ ಕೆಲಸ ನಡೆಯುತ್ತದೆ. 2015ರಲ್ಲಿ ಇಂಟೆಲ್ 100 ಸರಣಿಯ ಚಿಪ್‌ಸೆಟ್‌ನಿಂದ ಹಳೆಯ ಯುಎಸ್‌ಬಿ 2.0 ಕಂಟ್ರೋಲರನ್ನೇ ತೆಗೆದುಹಾಕಿದ್ದರಿಂದ ಅಲ್ಲಿ ಕಪ್ಪು ಪೋರ್ಟಿಗೂ ಅದೇ ಗತಿ. ಬೋರ್ಡಿನ ಹಿಂಬದಿಯಲ್ಲಿ ದುಂಡನೆಯ ಪಿಎಸ್/2 ಪೋರ್ಟ್ ಇದ್ದರೆ ಹಳೆಯ ಕೀಬೋರ್ಡ್ ಒಂದನ್ನು ಅದಕ್ಕೆ ಚುಚ್ಚಿ, ಡಿವಿಡಿಯಿಂದ ಸೆಟಪ್ ಮುಗಿಸಬಹುದು. ಇಲ್ಲವಾದರೆ ಮತ್ತೊಂದು ಕಂಪ್ಯೂಟರಿನಲ್ಲಿ ಡಿಸ್ಮ್ ಎಂಬ ಸಲಕರಣೆಯಿಂದ ಯುಎಸ್‌ಬಿ 3.0 ಡ್ರೈವರನ್ನು ಸೆಟಪ್ ಕಡತಗಳೊಳಗೇ ಸೇರಿಸಿಕೊಳ್ಳಬೇಕು.

ಡ್ರೈವರ್ ಹಾಕುವ ಸರದಿಯಲ್ಲಿ ಚಿಪ್‌ಸೆಟ್ ಮೊದಲು, ನೆಟ್‌ವರ್ಕ್ ಎರಡನೆಯದು; ಉಳಿದವು ಹೇಗೆ ಬಂದರೂ ನಡೆದೀತು. ಎಲ್ಲಿಂದ ತರಬೇಕು ಎಂಬುದೇ ಮುಖ್ಯ. ಲ್ಯಾಪ್‌ಟಾಪ್ ಆದರೆ ಅದರ ತಯಾರಕರ ಪುಟ, ಜೋಡಿಸಿದ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡ್ ತಯಾರಕರ ಪುಟ, ಅಲ್ಲಿ ಸಿಗದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್. ಅದರ ಹುಡುಕುವ ಜಾಗದಲ್ಲಿ ಹಾರ್ಡ್‌ವೇರ್ ಐಡಿಯನ್ನು ಹಾಗೆಯೇ ಅಂಟಿಸಬಹುದು. ಇವನ್ನೆಲ್ಲ ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ. ವಿಂಡೋಸ್ 7ರ ಜೊತೆ ಬರುವ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಇಂದಿನ ಅನೇಕ ಸುರಕ್ಷಿತ ಪುಟಗಳು ತೆರೆಯುವುದೇ ಇಲ್ಲ. ‘ಎಲ್ಲ ಡ್ರೈವರನ್ನೂ ಒಂದೇ ಕ್ಲಿಕ್ಕಿನಲ್ಲಿ’ ಎಂದು ಕರೆಯುವ ಪ್ಯಾಕುಗಳ ಗೊಡವೆಗೆ ದಯವಿಟ್ಟು ಹೋಗಬೇಡಿ. ಅಂಥದೊಂದನ್ನು ಹಾಕಿಸಿಕೊಂಡ ಡಿಟಿಪಿ ಯಂತ್ರವೊಂದು ನನ್ನ ಬಳಿ ಬಂದಿತ್ತು. ಹಾರ್ಡ್ ಡಿಸ್ಕನ್ನು ಬೋರ್ಡಿಗೆ ಬೆಸೆಯುವ ಸಾಟಾ ಕಂಟ್ರೋಲರಿಗೆ ಹೊಂದದ ಡ್ರೈವರ್ ಕೂತು, ಬೂಟ್ ಆಗುವಾಗಲೆಲ್ಲ 7ಬಿ ಸಂಖ್ಯೆಯ ನೀಲಿ ಪರದೆ ಬಂದು ನಿಲ್ಲುತ್ತಿತ್ತು. ಇಪ್ಪತ್ತು ವರ್ಷದ ಪುಸ್ತಕದ ಕಡತಗಳು ಅದರೊಳಗಿದ್ದವು. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಮೊದಲು ಅವನ್ನು ನಕಲು ಮಾಡಿಕೊಂಡೆವು. ಅದನ್ನು ನೋಡುತ್ತ ನಿಂತಿದ್ದ ಮಾಲೀಕರು ಕೊನೆಯ ಫೋಲ್ಡರ್ ಬರುವವರೆಗೂ ಕುರ್ಚಿಯಲ್ಲಿ ಕೂರಲಿಲ್ಲ.

ಎಷ್ಟು ಹುಡುಕಿದರೂ ಡ್ರೈವರ್ ಸಿಗದ ಯಂತ್ರಗಳೂ ಇವೆ. ಇಂಟೆಲ್‌ನ 7ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರುಗಳಿಗೆ ವಿಂಡೋಸ್ 7ರ ಬೆಂಬಲ ಇಲ್ಲವೆಂಬ ನಿಲುವನ್ನು ಮೈಕ್ರೋಸಾಫ್ಟ್ 2016ರಲ್ಲೇ ಪ್ರಕಟಿಸಿತ್ತು. ಅಂಥ ಯಂತ್ರದಲ್ಲಿ ಹಠ ಬೇಡ. ಹೊಸ ವಿಂಡೋಸನ್ನೇ ಇಟ್ಟು, ಅದರೊಳಗೆ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಸೃಷ್ಟಿಸುವ ಕಾಲ್ಪನಿಕ ಕಂಪ್ಯೂಟರಿನಲ್ಲಿ ವಿಂಡೋಸ್ 7 ಹಾಕಿ. ಅದು ತೋರಿಸುವ ಕಾಲ್ಪನಿಕ ನೆಟ್‌ವರ್ಕ್ ಕಾರ್ಡ್ ಇಂಟೆಲ್‌ನ ಹಳೆಯ ಮಾದರಿಯಾದ್ದರಿಂದ ಡ್ರೈವರ್ ತೊಂದರೆ ಬಾರದು. ಯುಎಸ್‌ಬಿ ಡಾಂಗಲ್ಲನ್ನೂ ಒಳಗಿನ ವಿಂಡೋಸಿಗೆ ದಾಟಿಸಬಹುದು.

ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಭದ್ರತೆಯ ಬೆಂಬಲ ನಿಂತಿದೆ. ನಾನು ಹೇಳಿದ ಆ ಡಿಟಿಪಿ ಯಂತ್ರದಲ್ಲಿ ಕೊನೆಯ ಹಳದಿ ಗುರುತು ಹೋದ ಸಂಜೆಯೇ ಡ್ರೈವರುಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ತುಂಬಿ, ಅದರ ಮೇಲೆ ಬೋರ್ಡಿನ ಮಾದರಿ ಸಂಖ್ಯೆ ಬರೆದು, ಮಾಲೀಕರ ಮೇಜಿನ ಖಾನೆಯಲ್ಲಿಟ್ಟು, ನೆಟ್‌ವರ್ಕ್ ಕೇಬಲ್ ಕಿತ್ತು ಬಂದೆ.