ಈ ಫೈಲು ಯಾರದು?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ನಿಮ್ಮಲ್ಲಿ ವಿಂಡೋಸ್ 98 ಬಳಸಿದವರು ಎಷ್ಟು ಜನ? ನಾಲ್ಕೈದು ಕೈ ಮೇಲೆದ್ದಿವೆ, ಅದೂ ತಲೆ ನರೆತವರದ್ದು. ಆ ಕಾಲದಲ್ಲಿ ಕಂಪ್ಯೂಟರ್ ಆನ್ ಮಾಡಿದರೆ ಒಂದು ಪುಟ್ಟ ಚೌಕ ಬಂದು ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಗೊತ್ತಿಲ್ಲವೇ? ಕ್ಯಾನ್ಸಲ್ ಒತ್ತಿದರೆ ಆಯಿತು, ಒಳಗೆ ಬಿಡುತ್ತಿತ್ತು! ಬಾಗಿಲಲ್ಲಿ ನಿಂತು ಹೆಸರು ಕೇಳಿದ್ದು ಸುಮ್ನೆ ಮರ್ಯಾದೆಗೆ.

ನಾನು ಮೊದಲು ಸೇರಿದ ಕಚೇರಿಯಲ್ಲಿ ಅದೇ ಅಭ್ಯಾಸ ಮುಂದುವರಿದಿತ್ತು. ಆರು ಜನಕ್ಕೆ ಒಂದೇ ಅಕೌಂಟ್. ಅದರ ಹೆಸರು ‘ಆಫೀಸ್’. ಪಾಸ್‌ವರ್ಡ್ ಚೀಟಿ ಮಾನಿಟರಿಗೇ ಅಂಟಿಸಿತ್ತು. ಒಂದು ಸೋಮವಾರ ಬಂದು ನೋಡಿದರೆ ಮೂರು ತಿಂಗಳ ಸ್ಟಾಕ್ ಲೆಕ್ಕದ ಫೋಲ್ಡರೇ ಇಲ್ಲ. ಯಾರು ಅಳಿಸಿದ್ದು? ಕಂಪ್ಯೂಟರನ್ನು ಕೇಳಿದರೆ ‘ಆಫೀಸ್’ ಅಳಿಸಿದ್ದು ಅಂತಿತ್ತು. ಕೊನೆಗೆ ಬೈಸಿಕೊಂಡಿದ್ದು ಹೊಸಬನಾದ ನಾನು. ನಾನು ಅಳಿಸಿರಲಿಲ್ಲ ಅಂತ ಇವತ್ತಿಗೂ ನನಗೇ ಪೂರ್ತಿ ಖಾತ್ರಿ ಇಲ್ಲ.

ಇವತ್ತಿನ ಮಾತು ಲಿನಕ್ಸ್ ಬಗ್ಗೆ. ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಅದು, ನಿಮ್ಮ ಮುಂದಿರುವ ಕಂಪ್ಯೂಟರುಗಳಲ್ಲಿ ಇರುವುದು ಅದೇ. ಅದರ ಅಜ್ಜ ಯುನಿಕ್ಸ್, 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಶುರು ಮಾಡಿದ್ದು. ಆಗ ಒಬ್ಬರಿಗೊಂದು ಕಂಪ್ಯೂಟರ್ ಅನ್ನುವುದು ಕನಸಿನ ಮಾತು. ಒಂದೇ ಯಂತ್ರವನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದರು. ಹಾಗಾಗಿ ‘ಇದು ಯಾರ ಫೈಲು’ ಅನ್ನುವ ಪ್ರಶ್ನೆ ಹುಟ್ಟುವಾಗಲೇ ಅದರ ಜೊತೆ ಬಂತು.

ಅದಕ್ಕೂ ಮೊದಲು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಇತ್ತು. ಅಲ್ಲಿ ಒಬ್ಬೊಬ್ಬರಿಗೆ ಇಂತಿಷ್ಟೇ ಸಮಯ, ಅದಕ್ಕೊಂದು ಪಾಸ್‌ವರ್ಡ್. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧಕರಿಗೆ ಕೊಟ್ಟ ಸಮಯ ಸಾಲಲಿಲ್ಲ. ಅವರು ಪಾಸ್‌ವರ್ಡ್‌ಗಳ ಫೈಲನ್ನೇ ಪ್ರಿಂಟ್ ಮಾಡಿಸಿಕೊಂಡು ಬೇರೆಯವರ ಹೆಸರಿನಲ್ಲಿ ಕೆಲಸ ಮಾಡಿದರು. ಇನ್ನೊಮ್ಮೆ ಅದೇ ವ್ಯವಸ್ಥೆಯಲ್ಲಿ, ಲಾಗಿನ್ ಆದವರಿಗೆ ‘ಇವತ್ತಿನ ಸೂಚನೆ’ ಕೊಡುವ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಅಚ್ಚಾಗಿ ಬಂತು. ಎರಡು ಫೈಲುಗಳು ಅದಲುಬದಲಾಗಿದ್ದವು, ಅಷ್ಟೇ. ಯಾವ ಫೈಲನ್ನು ಯಾರು ಓದಬಹುದು ಅನ್ನುವುದು ತಲೆಕೆಡಿಸಿಕೊಳ್ಳಬೇಕಾದ ವಿಷಯ ಅಂತ ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಈಗ ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ತೆರೆಯಿರಿ. ಎಲ್ಎಸ್, ಒಂದು ಸ್ಪೇಸ್, ಅಡ್ಡಗೆರೆ, ಎಲ್. ಎಂಟರ್ ಒತ್ತಿ. ಪ್ರತಿ ಸಾಲಿನ ಮೊದಲಲ್ಲಿ ಹತ್ತು ಅಕ್ಷರ ಕಾಣುತ್ತವೆ. ನೋಡಿದರೆ ಬೆಕ್ಕು ಕೀಬೋರ್ಡ್ ಮೇಲೆ ನಡೆದ ಹಾಗಿದೆ. ಹೆದರಬೇಡಿ. ಮೊದಲನೆಯದು ಅದು ಏನು ಅಂತ ಹೇಳುತ್ತದೆ: ಬರೀ ಗೆರೆ ಇದ್ದರೆ ಮಾಮೂಲಿ ಫೈಲು, ಡಿ ಇದ್ದರೆ ಫೋಲ್ಡರ್. ಉಳಿದ ಒಂಬತ್ತನ್ನು ಮೂರು ಮೂರಾಗಿ ಓದಿ. ಮೊದಲ ಮೂರು ಒಡೆಯರಿಗೆ, ನಡುವಿನ ಮೂರು ಗುಂಪಿಗೆ, ಕೊನೆಯ ಮೂರು ಉಳಿದವರಿಗೆ. ಆರ್ ಅಂದರೆ ಓದಬಹುದು, ಡಬ್ಲ್ಯು ಅಂದರೆ ಬರೆಯಬಹುದು, ಎಕ್ಸ್ ಅಂದರೆ ಓಡಿಸಬಹುದು. ಗೆರೆ ಬಂದ ಜಾಗದಲ್ಲಿ ಅನುಮತಿ ಇಲ್ಲ.

ಇವಕ್ಕೆ ಅಂಕಿಗಳೂ ಇವೆ. ಆರ್‌ಗೆ 4, ಡಬ್ಲ್ಯುಗೆ 2, ಎಕ್ಸ್‌ಗೆ 1. ಕೂಡಿಸುತ್ತಾ ಹೋಗಿ. ಒಡೆಯ ಓದಿ ಬರೆಯಬಹುದು, ಗುಂಪಿನವರು ಓದಬಹುದು ಮಾತ್ರ, ಬೇರೆಯವರಿಗೆ ಏನೂ ಇಲ್ಲ ಅಂದರೆ 640. ಸಂಘದ ಲೆಕ್ಕದ ಫೈಲಿಗೆ ಇದು ಒಪ್ಪುತ್ತದೆ. ಖಜಾಂಚಿ ಬರೆಯಲಿ, ಪದಾಧಿಕಾರಿಗಳು ನೋಡಲಿ, ಹಾದಿಯಲ್ಲಿ ಹೋಗುವವರಿಗೆ ಯಾಕೆ? ಇದನ್ನು ಬದಲಿಸುವ ಆಜ್ಞೆ ಸಿಎಚ್‌ಮಾಡ್.

ಒಂದು ತಮಾಷೆ ಗಮನಿಸಿ. ಕಂಪ್ಯೂಟರ್ ಈ ಮೂರರಲ್ಲಿ ನಿಮಗೆ ಹೊಂದುವ ಮೊದಲನೆಯದನ್ನು ನೋಡಿ ಅಲ್ಲೇ ನಿಲ್ಲುತ್ತದೆ. ನೀವು ಒಡೆಯರಾಗಿದ್ದು, ಒಡೆಯರ ಜಾಗದಲ್ಲಿ ಬರೀ ಗೆರೆ ಇದ್ದರೆ, ಊರಿಗೆಲ್ಲ ಓದಲು ಬಿಟ್ಟ ಫೈಲನ್ನು ನೀವು ಮಾತ್ರ ಓದಲಾರಿರಿ. ಮದುವೆ ಮನೆಯ ಯಜಮಾನನಿಗೇ ಊಟ ಸಿಗದ ಹಾಗೆ. ಆದರೆ ಒಡೆಯರಾದ್ದರಿಂದ ಅನುಮತಿಯನ್ನು ನೀವೇ ಬದಲಿಸಿಕೊಳ್ಳಬಹುದು.

ಫೋಲ್ಡರ್ ವಿಷಯಕ್ಕೆ ಬರೋಣ. ಎಲ್ಲರೂ ಎಡವುವ ಜಾಗ ಇದು. ಫೋಲ್ಡರ್ ಅಂದರೆ ಫೈಲುಗಳನ್ನು ತುಂಬಿಟ್ಟ ಡಬ್ಬ ಅಂದುಕೊಂಡಿದ್ದೇವೆ. ಅದು ಡಬ್ಬ ಅಲ್ಲ, ರೇಷನ್ ಕಾರ್ಡು. ಅದರಲ್ಲಿ ಇರುವುದು ಹೆಸರುಗಳು, ಪ್ರತಿ ಹೆಸರಿನ ಮುಂದೆ ಒಂದು ನಂಬರು. ಫೈಲಿನ ಒಳಗಿನ ವಿಷಯ ಡಿಸ್ಕಿನಲ್ಲಿ ಬೇರೆಲ್ಲೋ ಇರುತ್ತದೆ. ಫೈಲು ಅಳಿಸುವುದು ಅಂದರೆ ಕಾರ್ಡಿನಿಂದ ಹೆಸರು ತೆಗೆಸುವುದು. ಅದಕ್ಕೆ ಬೇಕಾಗಿರುವುದು ಕಾರ್ಡಿನ ಮೇಲೆ ಬರೆಯುವ ಅಧಿಕಾರ, ಹೆಸರಿನವರ ಒಪ್ಪಿಗೆ ಅಲ್ಲ.

ಹಾಗಾಗಿ ನೀವು ಒಂದು ಫೈಲಿಗೆ 400 ಹಾಕಿ, ಇನ್ನು ಇದನ್ನು ಯಾರೂ ಮುಟ್ಟಲಾರರು ಅಂತ ನೆಮ್ಮದಿಯಿಂದ ಮಲಗಿದರೆ ಕೆಟ್ಟಿರಿ. ಆ ಫೋಲ್ಡರಿನಲ್ಲಿ ಬೇರೆಯವರಿಗೆ ಡಬ್ಲ್ಯು ಮತ್ತು ಎಕ್ಸ್ ಇದ್ದರೆ ಅವರು ನಿಮ್ಮ ಫೈಲನ್ನು ಓದಲಾರರು, ತಿದ್ದಲಾರರು, ಆದರೆ ಅಳಿಸಬಲ್ಲರು. ‘ಇದು ಬರೆಯದಂತೆ ಕಾಪಾಡಿದ ಫೈಲು, ಆದರೂ ಅಳಿಸಲಾ?’ ಅಂತ ಕಂಪ್ಯೂಟರ್ ಒಮ್ಮೆ ಕೇಳಬಹುದು. ಹೂಂ ಅಂದರೆ ಹೋಯಿತು.

ಫೋಲ್ಡರಿಗೆ ಆರ್ ಅಂದರೆ ಕಾರ್ಡಿನ ಹೆಸರುಗಳನ್ನು ಓದುವುದು. ಎಕ್ಸ್ ಅಂದರೆ ಓಡಿಸುವುದಲ್ಲ, ಒಳಗೆ ಹೋಗುವುದು. ಎಲ್ಲರೂ ಬರೆಯಲೇಬೇಕಾದ ಜಾಗವೂ ಒಂದಿದೆ, ಟಿಎಂಪಿ ಅಂತ. ಅಲ್ಲಿ ಒಬ್ಬರದ್ದನ್ನು ಇನ್ನೊಬ್ಬರು ಅಳಿಸದ ಹಾಗೆ ಸ್ಟಿಕಿ ಬಿಟ್ ಎಂಬ ಹೆಚ್ಚಿನ ಕಟ್ಟುಪಾಡು ಹಾಕಿದ್ದಾರೆ. ಅದರ ಹತ್ತು ಅಕ್ಷರಗಳ ಕೊನೆಯಲ್ಲಿ ಎಕ್ಸ್ ಬದಲು ಟಿ ಕಾಣುತ್ತದೆ.

ಇನ್ನು 777. ಏನೋ ಕೆಲಸ ಆಗುತ್ತಿಲ್ಲ, ‘ಪರ್ಮಿಷನ್ ಡಿನೈಡ್’ ಅಂತಿದೆ ಅಂದ ಕೂಡಲೇ ಯಾರಾದರೂ ‘777 ಹಾಕಿ ಸಾರ್’ ಅಂತಾರೆ. ಅಂದರೆ ಎಲ್ಲರಿಗೂ ಎಲ್ಲವೂ. ಚಿಲಕ ಸರಿಯಾಗಿಲ್ಲ ಅಂತ ಬಾಗಿಲನ್ನೇ ಕಿತ್ತುಹಾಕುವ ರಿಪೇರಿ ಇದು. ಅದರಿಂದ ಕೆಲಸ ಕೆಡುವುದೂ ಉಂಟು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್ಎಸ್ಎಚ್‌ನ ಖಾಸಗಿ ಕೀ ಫೈಲಿಗೆ 777 ಹಾಕಿ ನೋಡಿ, ‘ಇಷ್ಟು ಬಯಲಾಗಿರುವ ಕೀಯನ್ನು ನಾನು ಮುಟ್ಟೋದಿಲ್ಲ’ ಅಂತ ಅದು ಹಟ ಹಿಡಿಯುತ್ತದೆ. ಹಂಚಿಕೊಳ್ಳಬೇಕಾದರೆ ಒಂದು ಗುಂಪು ಮಾಡಿ, ಬೇಕಾದವರನ್ನು ಸೇರಿಸಿ, ಫೋಲ್ಡರಿಗೆ 2770 ಕೊಡಿ. ಮುಂದಿನ 2 ಇದ್ದರೆ ಅಲ್ಲಿ ಹುಟ್ಟುವ ಫೈಲುಗಳೆಲ್ಲ ಅದೇ ಗುಂಪಿಗೆ ಸೇರುತ್ತವೆ.

ಕಂಪ್ಯೂಟರಿಗೆ ನಿಮ್ಮ ಹೆಸರು ಮುಖ್ಯವಲ್ಲ, ನಂಬರು ಮುಖ್ಯ. ಲಿನಕ್ಸ್‌ನದೇ ಒಂದು ರೂಪವಾದ ಉಬುಂಟು ಹಾಕಿದಾಗ ಮೊದಲ ಬಳಕೆದಾರರಿಗೆ ಸಿಗುವ ನಂಬರು 1000. ಎರಡನೆಯವರಿಗೆ 1001. ಇವೆಲ್ಲಕ್ಕಿಂತ ಮೇಲೆ ಒಬ್ಬರಿದ್ದಾರೆ, ರೂಟ್, ನಂಬರು 0. ಇಲ್ಲಿಯವರೆಗೆ ಹೇಳಿದ ಓದು ಬರಹದ ಕಟ್ಟುಪಾಡು ರೂಟ್‌ಗೆ ತಾಗುವುದಿಲ್ಲ. ಅದಕ್ಕೇ ಉಬುಂಟುವಿನಲ್ಲಿ ರೂಟ್ ಪಾಸ್‌ವರ್ಡಿಗೆ ಮೊದಲೇ ಬೀಗ ಹಾಕಿರುತ್ತಾರೆ. ಬೇಕಾದಾಗ ಸುಡೊ ಅಂತ ಹೇಳಿ, ನಿಮ್ಮದೇ ಪಾಸ್‌ವರ್ಡ್ ಕೊಟ್ಟು, ಆ ಒಂದು ಕೆಲಸಕ್ಕೆ ಮಾತ್ರ ರೂಟ್ ಆಗುತ್ತೀರಿ. ಯಾರು ಯಾವಾಗ ಸುಡೊ ಮಾಡಿದರು ಅನ್ನುವುದು ಲಾಗ್ ಎಂಬ ದಾಖಲೆಯಲ್ಲಿ ಉಳಿಯುತ್ತದೆ. ನನ್ನ ಹಳೆ ಕಚೇರಿಯಲ್ಲಿ ಇದ್ದಿದ್ದರೆ!

ಪಾಸ್‌ವರ್ಡ್ ಅಂದಾಗ ಒಂದು ನೆನಪಾಯಿತು. ಹಳೆಯ ಯುನಿಕ್ಸ್‌ನಲ್ಲಿ ಎಲ್ಲರ ಪಾಸ್‌ವರ್ಡ್‌ಗಳ ಗುಪ್ತ ರೂಪ ಒಂದೇ ಫೈಲಿನಲ್ಲಿತ್ತು, ಅದನ್ನು ಯಾರು ಬೇಕಾದರೂ ಓದಬಹುದಿತ್ತು. 2019ರಲ್ಲಿ ಕೆಲವರು ಅಂಥ ಒಂದು ಹಳೆ ಫೈಲು ಹಿಡಿದು ಕೂತು ಕೆನ್ ಥಾಂಪ್ಸನ್ ಅವರ ಪಾಸ್‌ವರ್ಡನ್ನೇ ಬಿಡಿಸಿದರು. ನೋಡಿದರೆ ಅದು ಚದುರಂಗದ ಮೊದಲ ನಡೆ! ಈಗ ಆ ಗುಪ್ತ ರೂಪ ಶ್ಯಾಡೋ ಎಂಬ ಬೇರೆ ಫೈಲಿನಲ್ಲಿದೆ, ಸಾಮಾನ್ಯ ಬಳಕೆದಾರರಿಗೆ ಅದು ತೆರೆಯುವುದಿಲ್ಲ.

ಇದನ್ನೆಲ್ಲ ನಂಬಿ ಮೈಮರೆಯುವ ಹಾಗೂ ಇಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ, ಅಲ್ಲಿ ರೂಟ್ ಆಗಿರುವವರು ಎಲ್ಲ ಓದುತ್ತಾರೆ. ಅದನ್ನು ತಡೆಯಲು ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಕು, ಅಂದರೆ ಕೀ ಇಲ್ಲದವರಿಗೆ ಓದಲಾಗದ ಗುಪ್ತ ರೂಪಕ್ಕೆ ಬದಲಿಸಬೇಕು. ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವ, ಫೈಲುಗಳನ್ನು ಜೋಡಿಸಿಡುವ ಫ್ಯಾಟ್ ಎಂಬ ಮಾದರಿಗೆ ಒಡೆಯ, ಗುಂಪು ಅಂದರೆ ಏನು ಅಂತಲೇ ಗೊತ್ತಿಲ್ಲ.

ನನಗೆ ಜಾಸ್ತಿ ಚಿಂತೆ ಇನ್ನೊಂದು. ನೀವು ಓಡಿಸುವ ಪ್ರೋಗ್ರಾಂ ನಿಮ್ಮ ನಂಬರಿನಲ್ಲೇ ಓಡುತ್ತದೆ. ನೀವು ಏನು ಮಾಡಬಹುದೋ ಅದೂ ಮಾಡಬಹುದು. ಎಲ್ಲಿಂದಲೋ ಇಳಿಸಿಕೊಂಡ ಪುಗಸಟ್ಟೆ ಆಟಕ್ಕೆ ವ್ಯವಸ್ಥೆಯ ಫೈಲು ಮುಟ್ಟಲು ರೂಟ್ ಬೇಕು, ನಿಜ. ಆದರೆ ನಿಮ್ಮ ಮಗುವಿನ ಫೋಟೋ ಅಳಿಸಲು ಬೇಡ, ಅದರ ಒಡೆಯರು ನೀವೇ ತಾನೇ?

ಆಂಡ್ರಾಯ್ಡ್ ಮಾಡಿದವರು ಇದಕ್ಕೊಂದು ಉಪಾಯ ಹುಡುಕಿದರು. ನಿಮ್ಮ ಜೇಬಿನ ಫೋನಿನ ಒಳಗೂ ಲಿನಕ್ಸೇ ಇದೆ. ಆದರೆ ಅಲ್ಲಿ ಪ್ರತಿ ಆ್ಯಪ್‌ಗೆ ಒಂದೊಂದು ಬೇರೆ ಬಳಕೆದಾರ ನಂಬರು, 10000ದಿಂದ ಶುರು. ಒಡೆಯ ಅನ್ನುವುದು ಅಲ್ಲಿ ಮನುಷ್ಯ ಅಲ್ಲ, ಆ್ಯಪು. ಒಂದು ಆ್ಯಪಿನ ಖಾಸಗಿ ಫೋಲ್ಡರು ಇನ್ನೊಂದಕ್ಕೆ ಪರರ ಮನೆ. ಹತ್ತಾರು ಜನ ಹಂಚಿಕೊಳ್ಳಲು ಮಾಡಿದ ಏರ್ಪಾಡು ಒಬ್ಬರ ಫೋನಿನಲ್ಲಿ ಹೀಗೆ ಕೆಲಸಕ್ಕೆ ಬಂತು.

ಸರಿ, ಮಾತು ಸಾಕು. ಟರ್ಮಿನಲ್ ಇನ್ನೂ ತೆರೆದಿದೆಯಲ್ಲ? ಐಡಿ ಅಂತ ಬರೆದು ಎಂಟರ್ ಒತ್ತಿ. ಮೊದಲ ನಂಬರು 1000 ಬಂದವರು ಹಾಗೇ ಕೂತಿರಿ. 0 ಬಂದವರು ಕೈ ಎತ್ತಿ, ಏನನ್ನೂ ಮುಟ್ಟಬೇಡಿ, ಮೊದಲು ನಿಮ್ಮ ಹತ್ತಿರ ಬರುತ್ತೇನೆ.