ಒಂದೂವರೆ ಲಕ್ಷ ದಾರಿಯಲ್ಲಿ ಒಂದೂವರೆ ಸಾವಿರವಾದಾಗ

ಕೇಳುಗರಿಗೆ ನಮಸ್ಕಾರ.

ಡೆಂಗಿ ಜ್ವರ ಹೊಕ್ಕ ಮನೆಯಲ್ಲಿ ದಿನವಿಡೀ ಒಂದೇ ಮಾತು: ಪ್ಲೇಟ್‌ಲೆಟ್ ಎಷ್ಟಿದೆ? "ಒಂದೂವರೆ" ಅಂದರೆ ಸಾಕು, ಒಂದೂವರೆ ಲಕ್ಷ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ತಾಲ್ಲೂಕಿನ ಲ್ಯಾಬಿನ ಕಂಪ್ಯೂಟರಿನಿಂದ ದೊಡ್ಡಾಸ್ಪತ್ರೆಯ ಕಂಪ್ಯೂಟರಿಗೆ ರೋಗಿಯ ದಾಖಲೆ ಹೋಗುವಾಗ ಎಡವುವುದು ಇಂಥ ಕಡೆಯೇ.

ಒಂದೇ ರಕ್ತಕ್ಕೆ ಒಂದು ಲ್ಯಾಬು 1.5 ಲಕ್ಷ ಅಂತ ಬರೆಯುತ್ತದೆ, ಇನ್ನೊಂದು 1,50,000 ಅಂತ, ಮತ್ತೊಂದು ಬರೀ 150, ಅಂದರೆ ಮೈಕ್ರೋಲೀಟರಿಗೆ 150 ಸಾವಿರ. ಮೂರೂ ಸರಿಯೇ. ಇದನ್ನು ಹೊತ್ತೊಯ್ಯಲು ಬಹಳಷ್ಟು ಲ್ಯಾಬ್ ಸಾಫ್ಟ್‌ವೇರ್‌ಗಳು ಇವತ್ತಿಗೂ ಬಳಸುವುದು ಎಚ್‌ಎಲ್ 7ರ, ಅಂದರೆ ಆಸ್ಪತ್ರೆಯ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ದಾಖಲೆ ಕಳಿಸಿಕೊಳ್ಳಲು ಮಾಡಿಕೊಂಡ ಮಾನದಂಡದ, ಹಳೆಯ 2ನೇ ಆವೃತ್ತಿ. ಅದರಲ್ಲಿ ಪ್ರತಿ ಫಲಿತಾಂಶಕ್ಕೂ ಓಬಿಎಕ್ಸ್ ಎಂಬ ಒಂದು ಸಾಲು. ಜಾತಕದಲ್ಲಿದ್ದ ಹಾಗೆ ಅಲ್ಲೂ ಮನೆಗಳು. ಮೂರನೇ ಮನೆಯಲ್ಲಿ ಪರೀಕ್ಷೆ ಯಾವುದು, ಐದರಲ್ಲಿ ಅಂಕಿ, ಆರರಲ್ಲಿ ಅಳತೆಯ ಮಾನ, ಹನ್ನೊಂದರಲ್ಲಿ ವರದಿ ತಾತ್ಕಾಲಿಕವೋ, ಅಂತಿಮವೋ, ತಿದ್ದಿದ್ದೋ ಎಂಬ ಗುರುತು. ಆರನೇ ಮನೆ ಖಾಲಿ ಬಿಟ್ಟು, ಐದರಲ್ಲೇ "1.5 ಲಕ್ಷ" ಅಂತ ತುರುಕಿ ಕಳಿಸುವವರಿದ್ದಾರೆ. ಆ ಕಡೆಯ ಸಾಫ್ಟ್‌ವೇರ್ ಅಕ್ಷರ ಕಿತ್ತುಹಾಕಿ, ತನ್ನ ರೂಢಿಯ ಸಾವಿರದ ಮಾನ ಅಂಟಿಸಿತೆಂದರೆ ತೆರೆಯ ಮೇಲೆ ಮೂಡುವುದು 1,500. ಕೆಂಪು ದೀಪ, ಓಡಾಟ, ಗಾಬರಿ. ನಾಲ್ಕು ಸಲ ಹೀಗಾದ ಮೇಲೆ ವಾರ್ಡಿನವರು ಕೆಂಪು ದೀಪವನ್ನೇ ನಂಬುವುದಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ತಪ್ಪಿಗಿಂತ ಇದೇ ಹೆಚ್ಚು ಅಪಾಯ.

ಇದಕ್ಕೆ ಮದ್ದಿದೆ. ಪರೀಕ್ಷೆಗೆ ಲಾಯಿಂಕ್ ಸಂಕೇತ, ಅಂದರೆ ಎಲ್ಲ ಲ್ಯಾಬುಗಳಿಗೂ ಒಂದೇ ಆದ ಗುರುತಿನ ಸಂಖ್ಯೆ, ಹಾಕಬೇಕು. ಯಂತ್ರ ಎಣಿಸಿದ ಪ್ಲೇಟ್‌ಲೆಟ್‌ಗೆ ಅದು 777-3. ಅಳತೆಯ ಮಾನವನ್ನು ಯೂಕಮ್ ಪದ್ಧತಿಯಲ್ಲಿ, ಅಂದರೆ ಕಂಪ್ಯೂಟರಿಗೂ ತಿಳಿಯುವ ಒಂದೇ ರೀತಿಯಲ್ಲಿ, ಬರೆಯಬೇಕು. ಎಚ್‌ಎಲ್ 7ರದೇ ಹೊಸ ಮಾನದಂಡ ಫೈರ್‌ನಲ್ಲಿ (ಬೆಂಕಿಗೂ ಇದಕ್ಕೂ ಸಂಬಂಧವಿಲ್ಲ) ಇವಕ್ಕೆಲ್ಲ ಅಚ್ಚುಕಟ್ಟಾದ ಜಾಗಗಳಿವೆ. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಹಿಡಿದಿರುವುದೂ ಫೈರ್‌ನ 4ನೇ ಆವೃತ್ತಿಯನ್ನೇ. ಆದರೆ ಅದರೊಳಗೆ ಸ್ಕ್ಯಾನ್ ಮಾಡಿದ ಪಿಡಿಎಫ್ ಇಟ್ಟು ಕೈತೊಳೆದುಕೊಳ್ಳಲೂ ಬಹುದು. ವೈದ್ಯರ ಕಣ್ಣಿಗೆ ಅದು ವರದಿ, ಕಂಪ್ಯೂಟರಿಗೆ ಬರೀ ಚಿತ್ರ.

ಇನ್ನು ಗಡಿಯಾರ. ಬೆಳಗ್ಗೆ 6ಕ್ಕೆ ಒಂದು ಕಡೆ ರಕ್ತ ತೆಗೆದರು, 90 ಸಾವಿರ. 11ಕ್ಕೆ ಇನ್ನೊಂದು ಕಡೆ, 60 ಸಾವಿರ. ಎರಡನೆಯವರ ಸರ್ವರು ಸಮಯವನ್ನು ಗ್ರೀನಿಚ್ ಲೆಕ್ಕದಲ್ಲಿ ಇಟ್ಟುಕೊಂಡು, ನಮ್ಮ ಐದೂವರೆ ಗಂಟೆಯ ವ್ಯತ್ಯಾಸವನ್ನು ನಮೂದಿಸದೆ ಕಳಿಸಿದರೆ 11 ಹೋಗಿ 5:30 ಆಗುತ್ತದೆ. ಗ್ರಾಫಿನಲ್ಲಿ 60 ಮೊದಲು, 90 ಆಮೇಲೆ. ಇಳಿಯುತ್ತಿರುವ ರೋಗಿ ಚೇತರಿಸಿಕೊಳ್ಳುತ್ತಿರುವಂತೆ ಕಾಣುತ್ತಾರೆ.

ಎರಡು ವ್ಯವಸ್ಥೆಗಳನ್ನು ಜೋಡಿಸುವ ತಂತ್ರಜ್ಞರು ಒಬ್ಬ ಸುಳ್ಳು ರೋಗಿಯನ್ನು ಸೃಷ್ಟಿಸಿ 9,000, 1,50,000, 4,50,000 ಎಂಬ ಮೂರು ಅಂಕಿ ಕಳಿಸಲಿ. ಎರಡೂ ತೆರೆಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ. ಆಮೇಲೆ ಒಂದನ್ನು ತಿದ್ದಿ ಮತ್ತೆ ಕಳಿಸಲಿ. ಹಳೆಯ ಅಂಕಿ ಚಾಲ್ತಿಯಲ್ಲೇ ಉಳಿದು ಒಂದೇ ಪರೀಕ್ಷೆಗೆ ಎರಡು ಫಲಿತಾಂಶ ಕಂಡರೆ, ಹನ್ನೊಂದನೇ ಮನೆಯನ್ನು ಯಾರೂ ಓದುತ್ತಿಲ್ಲ ಅಂತ ತಿಳಿಯಿರಿ.

ರೋಗಿಯ ಕಡೆಯ ಕೆಲಸ ಚಿಕ್ಕದು. ಈ ಡಿಜಿಟಲ್ ಮಿಷನ್ನಿನಲ್ಲಿ, ದಾಖಲೆ ಕೇಳಿದ ಆಸ್ಪತ್ರೆಯ ಕೋರಿಕೆ ನಿಮ್ಮ ಮೊಬೈಲಿಗೆ ಬರುತ್ತದೆ. ಯಾವ ದಾಖಲೆ, ಯಾವ ದಿನದಿಂದ ಯಾವ ದಿನದವರೆಗಿನದು, ಒಪ್ಪಿಗೆ ಮುಗಿಯುವುದು ಯಾವಾಗ ಎಂದು ನೋಡಿ ಒಪ್ಪಿಕೊಳ್ಳಿ. ವರದಿ ಲ್ಯಾಬಿನಲ್ಲೇ ಇರುತ್ತದೆ, ಒಪ್ಪಿಗೆಯಾದ ಮೇಲಷ್ಟೇ ಬೀಗ ಹಾಕಿಕೊಂಡು ಹೊರಡುತ್ತದೆ. ಆದರೆ ಲ್ಯಾಬಿನ ಆ ಭೇಟಿ ನಿಮ್ಮ 14 ಅಂಕಿಯ ಆಭಾ ಸಂಖ್ಯೆಗೆ, ಅಂದರೆ ಇದೇ ಮಿಷನ್ ಕೊಡುವ ಆರೋಗ್ಯ ಖಾತೆಯ ಸಂಖ್ಯೆಗೆ, ಜೋಡಣೆಯಾಗಿರಬೇಕು. ಆಧಾರ್ ಕಾರ್ಡಿನಲ್ಲಿ ಮಂಜುನಾಥ ಎಚ್., ಲ್ಯಾಬಿನಲ್ಲಿ ಬರೀ ಮಂಜು, ಹುಟ್ಟಿದ ದಿನದ ಬದಲು ಅಂದಾಜು ವಯಸ್ಸು ಅಂತಾದರೆ ಜೋಡಣೆ ಅಲ್ಲೇ ತಪ್ಪುತ್ತದೆ. ಹಾಗಾಗಿ ಆಭಾ ಸಂಖ್ಯೆಯನ್ನು ಸೂಜಿ ಚುಚ್ಚುವ ಮುಂಚೆ, ಚೀಟಿ ಮಾಡಿಸುವಾಗಲೇ ಕೌಂಟರಿನಲ್ಲಿ ಕೊಡಿ. ಚೀಟಿಯಲ್ಲಿ ಅಚ್ಚಾದ ಹೆಸರನ್ನು ಅಲ್ಲೇ ನಿಂತು ಓದಿಕೊಳ್ಳಿ.

ನಮಸ್ಕಾರ.