ಅಗಲ ಬದಲಾದರೂ ಕೆಡದ ಕಪಾಟು

ನಮಸ್ಕಾರ. ಕಲಬುರಗಿಯಲ್ಲಿ ಕಟ್ಟಡದ ಮಾದರಿ ಮಾಡುವ ರೆವಿಟ್ ತಂತ್ರಾಂಶ ಬಳಸುವವರು ಇಷ್ಟು ಜನ ಇದ್ದೀರಿ ಅಂತ ನೋಡಿ ಖುಷಿಯಾಯಿತು. ನೇರವಾಗಿ ಕಪಾಟಿಗೆ ಬರೋಣ.

ಎರಡು ಬಾಗಿಲಿನ ಕಪಾಟು, ಅಗಲ 900 ಮಿ.ಮೀ. ಮನೆಯವರು ನಾಲ್ಕು ಅಡಿ ಮಾಡಿ ಅಂದರು. ನೀವು 1200 ಅಂತ ಹೊಡೆದಿರಿ. ಒಂದು ಬಾಗಿಲು ಮಾತ್ರ ಹಿಗ್ಗಿತು, ಇನ್ನೊಂದು ಇದ್ದಲ್ಲೇ ಇತ್ತು, ಹ್ಯಾಂಡಲ್ ಬಾಗಿಲಿನ ನಡುವೆ ಬಂದು ಕೂತಿತು. ಇಂಥದ್ದು ನೀವೂ ನೋಡಿರುತ್ತೀರಿ, ಅಲ್ವಾ?

ಯಾಕೆ ಹೀಗಾಗುತ್ತದೆ ಅಂದರೆ, ನಾವು ಹಲಗೆಯನ್ನು ಹಲಗೆಗೇ ಕಟ್ಟಿರುತ್ತೇವೆ. ಅದು ಬೇಡ. ಬಡಿಗೇರರು ಗರಗಸ ಹಿಡಿಯುವ ಮೊದಲು ಗೆರೆ ಹೊಡೆಯುತ್ತಾರಲ್ಲ, ಹಾಗೆ ನೀವೂ ಮೊದಲು ರೆಫರೆನ್ಸ್ ಪ್ಲೇನ್, ಅಂದರೆ ಆಧಾರದ ಗೆರೆ, ಹಾಕಿ. ಎಡ, ಬಲ, ನಡು. ಅಗಲದ ಪ್ಯಾರಾಮೀಟರ್ (ಬೇಕಾದಾಗ ಬದಲಿಸುವ ಅಂಕಿ) ಈ ಗೆರೆಗಳ ಅಳತೆಗೆ ಇರಲಿ. ನಡುಗೆರೆ ಎರಡೂ ಕಡೆಯಿಂದ ಸಮ ಇರಲು ಅಳತೆಯ ಮೇಲಿನ ಇಕ್ಯೂ (EQ) ಗುರುತು ಒತ್ತಿ. ಬಾಗಿಲಿನ ಅಂಚುಗಳನ್ನು ಆಮೇಲೆ ಪ್ಲೇನ್‌ಗೆ ಅಲೈನ್ ಮಾಡಿ ಲಾಕ್ ಹಾಕಿ. ಹ್ಯಾಂಡಲ್‌ಗೆ ನಡುಗೆರೆಯಿಂದ 50 ಮಿ.ಮೀ. ದೂರದಲ್ಲಿ ಬೇರೆಯೇ ಪ್ಲೇನ್ ಕೊಡಿ, ಆ ದೂರವನ್ನೂ ಲಾಕ್ ಮಾಡಿ. ಈಗ ಕಪಾಟು ಎಷ್ಟೇ ಅಗಲವಾಗಲಿ, ಹ್ಯಾಂಡಲ್ ಬಾಗಿಲುಗಳು ಕೂಡುವ ಕಡೆಯೇ ಇರುತ್ತದೆ.

ಈ ವಿಚಾರ ಹಳೆಯದೇ. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಡಿದ ಚಿತ್ರ ಬರೆಯುವ ಪ್ರೋಗ್ರಾಂ ಸ್ಕೆಚ್‌ಪ್ಯಾಡ್‌ನಲ್ಲೇ ಎರಡು ಗೆರೆ ಸಮಾಂತರ ಇರಲಿ ಅಂತ ಹೇಳಿದರೆ ಕಂಪ್ಯೂಟರ್ ತಾನೇ ತಿದ್ದಿಕೊಳ್ಳುತ್ತಿತ್ತು.

ಯಾವುದು ಬದಲಾಗಬಾರದು ಅನ್ನೋದೂ ಅಷ್ಟೇ ಮುಖ್ಯ. ಪ್ಲೈವುಡ್ 18 ಮಿ.ಮೀ. ಅಂದರೆ 18. ನಮ್ಮ ಬಡಿಗೇರರ ಲೆಕ್ಕದಲ್ಲಿ ಹೆಚ್ಚುಕಡಿಮೆ ಆರು ಸೂತ (ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ). ಕಪಾಟಿನ ಅಗಲಕ್ಕೆ ತಕ್ಕಂತೆ ದಪ್ಪವೂ ಹಿಗ್ಗಿದರೆ ಅಂಥ ಹಲಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಳಗಿನ ಅಗಲಕ್ಕೆ ಫಾರ್ಮುಲಾ ಬರೆಯಿರಿ: ಅಗಲ ಕಳೆ ಎರಡು ದಪ್ಪ. 900ಕ್ಕೆ 864, 1200ಕ್ಕೆ 1164.

ಉದ್ದ ಜಾಸ್ತಿಯಾದರೆ ಅಡ್ಡಹಲಗೆ ಬಟ್ಟೆಯ ಭಾರಕ್ಕೆ ಬಾಗುತ್ತದೆ. ಹಾಗಾಗಿ ಅಗಲ 900 ದಾಟಿದರೆ ನಡುವೆ ಒಂದು ನಿಲುವು ಹಲಗೆ ಕಾಣಲಿ ಅಂತ ಯೆಸ್-ನೋ ಪ್ಯಾರಾಮೀಟರ್‌ಗೆ ಷರತ್ತು ಹಾಕಬಹುದು. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆ ಹಲಗೆಯನ್ನು ಬೇರೆ ಫ್ಯಾಮಿಲಿ (ಪ್ರತ್ಯೇಕ ಮಾದರಿ) ಮಾಡಿ ಶೇರ್ಡ್ ಅಂತ ಟಿಕ್ ಹಾಕಿದ್ದರೆ ಹುಷಾರು. ಕಣ್ಣಿಗೆ ಕಾಣದಿದ್ದರೂ ಸಾಮಾನಿನ ಪಟ್ಟಿಯಾದ ಶೆಡ್ಯೂಲ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಇಲ್ಲದ ಹಲಗೆಗೆ ಗಿರಾಕಿ ಯಾಕೆ ದುಡ್ಡು ಕೊಡಬೇಕು?

ನಮ್ಮ ಕಡೆಯ ಹಳೆಯ ಮನೆಗಳ ಕಲ್ಲುಗೋಡೆಯಲ್ಲಿ ಗೂಡುಗಳಿರುತ್ತವೆ, ಒಳಗೆ ಶಹಾಬಾದ್ ಕಲ್ಲಿನ ಹಲಗೆ. ಒಂದರ ಅಗಲ ಇನ್ನೊಂದಕ್ಕಿರುವುದಿಲ್ಲ. ಅಲ್ಲಿ ಕೂರಿಸುವ ಕಪಾಟಿಗೆ ಅಗಲ ಇನ್‌ಸ್ಟನ್ಸ್ ಪ್ಯಾರಾಮೀಟರ್, ಅಂದರೆ ಒಂದೊಂದು ಕಪಾಟಿಗೂ ಬೇರೆ ಬೇರೆ ಅಳತೆ, ಆಗಿರಲಿ. ಅದನ್ನು ಟೈಪ್ ಪ್ಯಾರಾಮೀಟರ್ ಮಾಡಿದರೆ ಒಂದು ಗೂಡಿಗೆ ಸರಿಮಾಡಲು ಹೋಗಿ ಅದೇ ಟೈಪಿನ ಎಲ್ಲ ಕಪಾಟೂ ಬದಲಾಗುತ್ತವೆ.

ಇನ್ನು ಲಾಕ್ ಸಿಕ್ಕಿತು ಅಂತ ಸಿಕ್ಕಲ್ಲೆಲ್ಲ ಹಾಕಬೇಡಿ. ಒಂದೇ ಅಂಚನ್ನು ಎರಡು ಕಡೆ ಹಿಡಿದರೆ ‘ಕನ್‌ಸ್ಟ್ರೇಂಟ್ಸ್ ಆರ್ ನಾಟ್ ಸ್ಯಾಟಿಸ್‌ಫೈಡ್’ ಅಂತ, ಅಂದರೆ ಹಾಕಿದ ಷರತ್ತುಗಳು ಹೊಂದುತ್ತಿಲ್ಲ ಅಂತ, ರೆವಿಟ್ ಹೇಳುತ್ತದೆ. ಕೆಳಗೇ ‘ರಿಮೂವ್ ಕನ್‌ಸ್ಟ್ರೇಂಟ್ಸ್’ ಬಟನ್ ಇರುತ್ತದೆ. ಅವಸರದಲ್ಲಿ ಎಲ್ಲರೂ ಸುಮ್ನೆ ಅದನ್ನೇ ಒತ್ತುತ್ತಾರೆ. ಸಂದೇಶ ಹೋಯಿತು, ಜೊತೆಗೆ ಬೇಕಿದ್ದ ಲಾಕ್ ಕೂಡ ಹೋಯಿತು. ಕ್ಯಾನ್ಸಲ್ ಒತ್ತಿ, ಯಾವ ಎರಡು ಜಗಳಾಡುತ್ತಿವೆ ಅಂತ ಹುಡುಕಿ.

ಲ್ಯಾಪ್‌ಟಾಪ್ ತಂದವರು ಈಗ ತೆರೆಯಿರಿ. ಅಗಲಕ್ಕೆ 450 ಹಾಕಿ, ಆಮೇಲೆ 1800 ಹಾಕಿ. ಯಾರ ಕಪಾಟು ಎಲ್ಲಿ ಮುರಿಯಿತೋ, ಅಲ್ಲಿಂದಲೇ ಪ್ರಶ್ನೆ ಶುರುಮಾಡೋಣ.